ರೋಗಿಯ ಮುಂದೆ ಕರ್ಮಸಿದ್ಧಾಂತ

ಮನೆಯಲ್ಲೊಬ್ಬರು ಹಾಸಿಗೆ ಹಿಡಿದರೆ ನೋಡಲು ಬಂದವರ ಬಾಯಿಂದ ಹೊರಡುವ ಮೊದಲ ಮಾತು ‘ಎಲ್ಲವೂ ಕರ್ಮಫಲ’ ಎಂಬುದು. ಶ್ರಾವಕ ಕುಟುಂಬಗಳಲ್ಲಿ ಈ ಮಾತಿಗೆ ಸಾಂತ್ವನದ ವೇಷವಿದೆ. ಆದರೆ ಪಾರ್ಶ್ವವಾಯುವಿನಿಂದ ಒಂದು ಕೈ ಬಿದ್ದುಹೋದವರಿಗೆ, ಹುಟ್ಟಿನಿಂದಲೇ ದೃಷ್ಟಿಯಿಲ್ಲದ ಮಗುವಿನ ತಾಯಿಗೆ ಅದು ತೀರ್ಪಿನಂತೆ ಕೇಳಿಸುತ್ತದೆ. ಹೇಳಿದವರು ಕಾಫಿ ಕುಡಿದು ಹೊರಟುಹೋಗುತ್ತಾರೆ. ತಾಯಿಯಾದವಳು ಬಸಿರಿನ ದಿನಗಳಲ್ಲಿ ತಾನೆಲ್ಲಿ ತಪ್ಪಿ ನಡೆದೆನೆಂದು ವರ್ಷಗಟ್ಟಲೆ ಲೆಕ್ಕ ಹಾಕುತ್ತಾಳೆ.

ಕರ್ಮಸಿದ್ಧಾಂತ ಸುಳ್ಳೆಂದು ಇದರರ್ಥವಲ್ಲ. ಅಸಾತಾವೇದನೀಯದ ಉದಯದಿಂದ ದುಃಖಾನುಭವವಾಗುತ್ತದೆಂಬುದು ಆಗಮಸಮ್ಮತವೇ ಆಗಿದೆ. ಆದರೆ ಯಾವ ಜೀವಿಯ ಯಾವ ಭವದ ಯಾವ ಕರ್ಮ ಇಂದು ಉದಯಕ್ಕೆ ಬಂದಿದೆಯೆಂದು ಸಂಪೂರ್ಣವಾಗಿ ಬಲ್ಲವರು ಕೇವಲಜ್ಞಾನಿಗಳು. ಪಕ್ಕದ ಮನೆಯವರಿಗೆ ಆ ಜ್ಞಾನ ಎಂದು ಪ್ರಾಪ್ತವಾಯಿತೋ! ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಪರರಲ್ಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದನ್ನೂ ಸೇರಿಸಲಾಗಿದೆ. ಅದರ ಮರುಸೂತ್ರವು ಸಾತಾವೇದನೀಯದ ಕಾರಣಗಳನ್ನು ಹೇಳುತ್ತ ಅನುಕಂಪೆಯಿಂದಲೇ ಆರಂಭವಾಗುತ್ತದೆ. ಹಾಸಿಗೆಯ ಬಳಿ ನಿಂತು ಪರರ ಕರ್ಮವನ್ನು ವ್ಯಾಖ್ಯಾನಿಸುವವರು ಆ ಕ್ಷಣದಲ್ಲಿ ಬರೆಯುತ್ತಿರುವುದು ತಮ್ಮದೇ ಖಾತೆಗೆ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅದಕ್ಕೆ ನಿದರ್ಶನವಾಗಿ ಬರುವ ಹೆಸರು ಉದ್ದಾಯನ ರಾಜನದು. ಅವನನ್ನು ಪರೀಕ್ಷಿಸಲೆಂದು ದೇವನೊಬ್ಬನು ರೋಗಗ್ರಸ್ತ ಮುನಿಯ ರೂಪದಲ್ಲಿ ಬಂದು, ಕೊಟ್ಟ ಆಹಾರವನ್ನೆಲ್ಲ ಉಂಡು, ರಾಜದಂಪತಿಗಳ ಮೇಲೆಯೇ ವಾಂತಿ ಮಾಡಿದನೆಂಬ ಕಥೆ ಬಸದಿಗಳ ಪ್ರವಚನದಲ್ಲಿ ಎಷ್ಟೋ ಸಲ ಕೇಳಿಬಂದಿದೆ. ದುರ್ಗಂಧವನ್ನು ತಾಳಲಾರದೆ ಪರಿಚಾರಕರು ಓಡಿದರು. ರಾಜನು ನಿಂತು ಮುನಿಯ ಮೈ ತೊಳೆದನು. ಕೇಳುಗರು ಇಷ್ಟನ್ನು ನೆನಪಿಡುತ್ತಾರೆ. ರಾಜನಾಡಿದ ಮಾತು ಮಾತ್ರ ಮರೆತುಹೋಗಿದೆ. ‘ನಾನು ನೀಡಿದ ಆಹಾರವೇ ಇವರಿಗೆ ಒಗ್ಗಲಿಲ್ಲವೇನೋ’ ಎಂದು ಅವನು ಮರುಗಿದನಂತೆ. ರೋಗಿಯ ಪೂರ್ವಕರ್ಮವನ್ನು ಅವನು ಕೆದಕಲಿಲ್ಲ. ದೋಷವನ್ನು ತನ್ನಲ್ಲಿ ಹುಡುಕಿದನು. ಸ್ವತಃ ಸಮಂತಭದ್ರರೇ ಭಸ್ಮಕವ್ಯಾಧಿಯಿಂದ ಬಳಲಿದವರೆಂದು ಪರಂಪರೆ ಹೇಳುತ್ತದೆ. ಅವರನ್ನು ಪಾಪಿಯೆಂದು ಕರೆಯುವ ಧೈರ್ಯ ಯಾರಿಗಿದೆ?

ದಶಲಕ್ಷಣ ಪರ್ವದಲ್ಲಿ ಇನ್ನೊಂದು ಬಗೆಯ ಕಾಠಿಣ್ಯ ಕಾಣುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವ ಗೃಹಿಣಿ ಉಪವಾಸ ಮಾಡಲಾರಳು. ಹಸಿವೆಯಿಂದ ಸಕ್ಕರೆ ಇಳಿದರೆ ಪ್ರಜ್ಞೆ ತಪ್ಪುವುದು, ಜೀವಕ್ಕೇ ಅಪಾಯ. ಆದರೂ ‘ಎಷ್ಟು ಉಪವಾಸ?’ ಎಂಬ ಪ್ರಶ್ನೆ, ಅದರ ಹಿಂದೆ ಒಂದು ನಗೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿಯಿದ್ದಷ್ಟು’ ಎಂಬ ಮಿತಿಯಿದೆ, ವೈಯಾವೃತ್ತ್ಯಕ್ಕೆ ಅದೇ ಪಟ್ಟಿಯಲ್ಲಿ ಸ್ಥಾನವಿದೆ. ಉಪವಾಸದ ಎಣಿಕೆ ನಡೆಯುವಲ್ಲೆಲ್ಲ ಶುಶ್ರೂಷೆಯ ಎಣಿಕೆ ನಡೆದದ್ದಿಲ್ಲ.

ಹೆಣ್ಣು ನೋಡಲು ಬಂದ ದಿನ ಬುದ್ಧಿಮಾಂದ್ಯವಿರುವ ತಮ್ಮನನ್ನು ಒಳಕೋಣೆಯಲ್ಲಿ ಕೂರಿಸಿ ಚಿಲಕ ಹಾಕುವ ಮನೆಗಳಿವೆ. ಮುಚ್ಚಿಡುವವರದೇ ತಪ್ಪೆನ್ನಲಾಗದು, ತಿಳಿದರೆ ಸಂಬಂಧ ಮುರಿಯುವವರು ಇರುವುದರಿಂದಲೇ ಚಿಲಕ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವು ವಿವಾಹಕ್ಕೆ ಅಡ್ಡಿಯೆಂಬ ಮಾತು 1999ರವರೆಗೂ ಉಳಿದಿತ್ತು. ಬಹು ಔಷಧ ಚಿಕಿತ್ಸೆಯಿಂದ ಕುಷ್ಠ ಪೂರ್ಣ ಗುಣವಾಗತೊಡಗಿ ದಶಕಗಳಾದ ಮೇಲೂ ಅದು ವಿಚ್ಛೇದನಕ್ಕೆ ಕಾರಣವಾಗಿಯೇ ಇದ್ದು, 2019ರಲ್ಲಿ ತೆಗೆಯಲ್ಪಟ್ಟಿತು. ಕಾಯಿದೆ ತಿದ್ದಿಕೊಂಡಿದೆ, ನಂಟರ ಪಿಸುಮಾತು ತಿದ್ದಿಕೊಂಡಿಲ್ಲ.

ಬಸದಿಯ ಆಡಳಿತ ಮಂಡಳಿಗಳ ಮಾತೂ ಬೇರೆಯಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಬಂಡೆಯಲ್ಲೇ ಕಡೆಯಲಾಗಿದೆ. ಹತ್ತಲಾರದವರಿಗೆ ಅಲ್ಲಿ ಡೋಲಿಯುಂಟು. ಊರಿನ ಬಸದಿಯ ನಾಲ್ಕು ಮೆಟ್ಟಿಲಿಗೆ ಅಂಥ ನೆಪವಿಲ್ಲ. ನೆಲಕ್ಕೆ ಅಮೃತಶಿಲೆ ಹಾಸಲು ಹಣ ಕೂಡುತ್ತದೆ, ಪಕ್ಕದಲ್ಲೊಂದು ಇಳಿಜಾರು ಕಟ್ಟುವ ಮಾತು ಬಂದಾಗ ‘ಅಂಥವರು ಎಷ್ಟು ಜನ ಬರುತ್ತಾರೆ?’ ಎಂದು ಕೇಳುತ್ತಾರೆ. ಬರುವ ದಾರಿಯಿಲ್ಲದ್ದರಿಂದ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅವುಗಳಲ್ಲಿ ಕೆಲವು ಹೊರನೋಟಕ್ಕೆ ಕಾಣುವುದೇ ಇಲ್ಲ.

ಹೇಗೋ ಎತ್ತಿಸಿಕೊಂಡು ಒಳಗೆ ಬಂದವರಿಗೂ ಒಂದು ಬಾಗಿಲು ಉಳಿದಿರುತ್ತದೆ. ಅಭಿಷೇಕ ಮುಗಿದು ಗಂಧೋದಕದ ಬಟ್ಟಲು ಸಾಲಿನಲ್ಲಿ ಬರುವಾಗ, ಅದನ್ನು ಹಿಡಿದವರು ಗಾಲಿಕುರ್ಚಿಯ ಹಿಂದೆ ನಿಂತವರ ಮುಖ ನೋಡಿ ‘ಇವರಿಗೆ ಕೊಡಬಹುದೇ?’ ಎಂದು ಕೇಳುತ್ತಾರೆ. ಕುರ್ಚಿಯಲ್ಲಿ ಕುಳಿತವರು ಅಷ್ಟರಲ್ಲಾಗಲೇ ಕೈಯೊಡ್ಡಿರುತ್ತಾರೆ.