ನಾಯಿಯ ಪಾಲು

ನಮ್ಮ ಕರಿಯನಿಗೆ ಒಮ್ಮೆಯಾದರೂ ಕಾಡಿನ ಬಾಡು ತಿನ್ನಿಸಬೇಕೆಂಬ ಆಸೆ ನನ್ನಲ್ಲಿ ಇವತ್ತಿಗೂ ಇದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಕರಿಯ ಮುಧೋಳದ ರಕ್ತ ಸ್ವಲ್ಪ ಬೆರೆತ ನಾಟಿ ನಾಯಿ. ಉದ್ದ ಕಾಲು, ಒಳಸೇರಿದ ಹೊಟ್ಟೆ, ಚೂಪು ಮೂತಿ. ಬದುವಿನ ಮೇಲೆ ಅವನು ಮೂಗೆತ್ತಿ ನಿಂತರೆ ನನ್ನ ಎದೆ ಉಬ್ಬುತ್ತದೆ. ಇಂಥವನಿಗೆ ಕೋಳಿಕಾಲು, ಮಜ್ಜಿಗೆ ರೊಟ್ಟಿ ಹಾಕಿ ಸಾಕುವುದು ಅನ್ಯಾಯ ಎಂದು ಒಳಗೊಂದು ದನಿ ಗೊಣಗುತ್ತಲೇ ಇರುತ್ತದೆ. ಆ ದನಿ ಯಾರದು? ಕರಿಯನದೋ, ನನ್ನದೋ?

ನಮ್ಮೂರು ಮೆಟ್ರಿಯಲ್ಲಿ ಹುಟ್ಟಿದವರಿಗೆ ಬೇಟೆ ದೂರದ ಮಾತಲ್ಲ. ಒಂದು ಕಡೆ ಬಂಡೆಗುಡ್ಡ, ಕುರುಚಲು ಕಾಡು. ಇನ್ನೊಂದು ಕಡೆ ಕಂಪ್ಲಿ ಸೀಮೆಯ ಕಬ್ಬು, ಬಾಳೆ, ಭತ್ತ. ಮೊಲ, ಕೌಜುಗ, ಉಡ, ಕಾಡುಹಂದಿ ಎಲ್ಲವೂ ನಮ್ಮ ಹಿರಿಯರ ಒಲೆಯ ಮೇಲೆ ಬೆಂದವೇ. ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಬೇಟೆ ಬಿದ್ದರೆ ಮೊದಲು ನಾಯಿಯ ಪಾಲು ತೆಗೆದಿಡಬೇಕು, ಆಮೇಲೆ ಮನುಷ್ಯರದು. ಅಜ್ಜ ಇದನ್ನು ಹೇಳುವಾಗ ಅವನ ಮುಖದಲ್ಲಿ ಇರುತ್ತಿದ್ದ ಗೌರವ ನನಗೆ ನೆನಪಿದೆ. ಓಡಿ ಹಿಡಿದವನಿಗೆ ಮೊದಲ ತುತ್ತು. ಅದು ದಾನವಲ್ಲ, ದುಡಿಮೆಯ ಕೂಲಿ.

ಈ ನೆಲದ ಹುಟ್ಟಿನ ಕಥೆಯಲ್ಲೇ ನಾಯಿ ಇದೆ, ಮೊಲ ಇದೆ. ಬೇಟೆಗೆ ಹೋದ ಅರಸನ ನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಕಚ್ಚಿತಂತೆ; ಇದು ಗಂಡುಮೆಟ್ಟಿದ ನೆಲ ಎಂದು ಅಲ್ಲೇ ವಿಜಯನಗರ ಕಟ್ಟಿದರಂತೆ. 16ನೇ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಕೂಡ ಇದನ್ನು ಬರೆದಿಟ್ಟಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ದೃಶ್ಯಗಳಿವೆ. ಚಿಕ್ಕಂದಿನಿಂದ ಇದನ್ನೆಲ್ಲ ಕೇಳಿ, ನೋಡಿ ಬೆಳೆದ ನಾನು ಮೊಲದ ಕಡೆಗೆ ಒಂದು ಸಲವೂ ನಿಲ್ಲಲಿಲ್ಲ, ಯಾವಾಗಲೂ ನಾಯಿಯ ಕಡೆಗೇ ನಿಂತೆ. ಗೆದ್ದದ್ದು ಮೊಲ ಎಂಬುದು ಕಥೆಯಲ್ಲೇ ಇದ್ದರೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಅಜ್ಜನ ಕಾಲ ಮುಗಿದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಮೊಲ, ಕಾಡುಹಂದಿಗಳು ಎರಡನೇ ಪಟ್ಟಿಯಲ್ಲಿವೆ. ಕೊಂದವರಿಗೆ ಮಾತ್ರವಲ್ಲ, ಅವುಗಳ ಮಾಂಸ ಇಟ್ಟುಕೊಂಡವರಿಗೂ ಶಿಕ್ಷೆ. ಹೀಗಿದ್ದರೂ ಯುಗಾದಿ ಆಸುಪಾಸಿನಲ್ಲಿ, ಕಟಾವು ಮುಗಿದ ಹೊಲಗಳಲ್ಲಿ, ಯಾರೋ ಒಬ್ಬರು ಬಂದು ಮೆಲ್ಲಗೆ ಹೇಳುತ್ತಾರೆ: "ಮೊಲ ಬಿದ್ದೈತೆ, ನಾಯಿಗೊಂದು ಕಾಲು ತಗೊಂಡೋಗು." ನಾನು ಬೇಡ ಎನ್ನುತ್ತೇನೆ. ಆದರೆ ಆ ಬೇಡ ಎಷ್ಟು ತಡವಾಗಿ ಬಾಯಿಗೆ ಬರುತ್ತದೆಂಬುದು ನನಗೆ ಮಾತ್ರ ಗೊತ್ತು. ನಾನು ತಿಂದರೆ ತಪ್ಪು, ನಾಯಿ ತಿಂದರೆ ಏನು ಮಹಾ ಎಂಬ ಲೆಕ್ಕ ಆ ಹೊತ್ತಿನಲ್ಲಿ ತಲೆಯೊಳಗೆ ಓಡುತ್ತದೆ. ಮೂಕಪ್ರಾಣಿಯನ್ನು ಮುಂದೆ ನಿಲ್ಲಿಸಿ ಅದರ ಹಿಂದೆ ನಾನು ಬಚ್ಚಿಟ್ಟುಕೊಳ್ಳುವ ಲೆಕ್ಕ ಅದು.

ಕರಿಯ ಉಣ್ಣುವುದನ್ನು ಕೂತು ನೋಡಿದ್ದೇನೆ. ತಟ್ಟೆಯಲ್ಲಿ ಕುರಿಯ ಬೋಟಿ ಇರಲಿ, ತುಂಗಭದ್ರೆಯ ಮೀನಿನ ತಲೆ ಇರಲಿ, ಸಾರಿನಲ್ಲಿ ನೆನೆದ ಜೋಳದ ರೊಟ್ಟಿ ಇರಲಿ, ಅವನ ಬಾಲ ಅಲ್ಲಾಡುವುದು ಒಂದೇ ಬಗೆ, ತಟ್ಟೆ ನೆಕ್ಕುವುದೂ ಒಂದೇ ಬಗೆ. ಮನುಷ್ಯನ ಜೊತೆ ಸಾವಿರಾರು ವರ್ಷ ಬದುಕಿದ ನಾಯಿಯ ಒಡಲಿಗೆ ಹಿಟ್ಟು ಅರಗಿಸಿಕೊಳ್ಳುವ ಶಕ್ತಿ ತೋಳಕ್ಕಿಂತ ಹೆಚ್ಚಿದೆ ಎಂಬುದನ್ನು 2013ರಲ್ಲಿ ವಿಜ್ಞಾನಿಗಳು ವಂಶವಾಹಿಯಲ್ಲೇ ತೋರಿಸಿದರು. ರೊಟ್ಟಿ ಅವನಿಗೆ ಅವಮಾನವಲ್ಲ. ಅವನಿಗೆ ನಿಜವಾಗಿ ಬೇಕಾದದ್ದು ಓಟ. ವಾಸನೆ ಹಿಡಿಯುವುದು, ಬೆನ್ನಟ್ಟುವುದು. ಸತ್ತ ಮೊಲದ ಕಾಲನ್ನು ತಟ್ಟೆಗೆ ಹಾಕಿದರೆ ಆ ಆಸೆ ತೀರುವುದಿಲ್ಲ, ತೀರುವುದು ನನ್ನದು. ನನ್ನ ನಾಯಿ ಇಂಥದ್ದನ್ನು ತಿನ್ನುತ್ತದೆ ಎಂದು ನಾಲ್ಕು ಜನರಿಗೆ ಹೇಳಿಕೊಳ್ಳುವ ಸುಖ ಅದು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಬೆಂಗಳೂರಿನಲ್ಲಿರುವ ನಮ್ಮ ಸಂಬಂಧಿಕರ ನಾಯಿಗೆ ಮೈಯೆಲ್ಲ ತುರಿಕೆ. ಕೋಳಿ ಒಗ್ಗದಿರಬಹುದು ಎಂದು ವೈದ್ಯರು ಅದು ಈವರೆಗೆ ತಿಂದೇ ಇರದ ಮಾಂಸ ಕೊಟ್ಟು ನೋಡಲು ಹೇಳಿದರು. ಕೆಲವು ವಾರ ಬಾತುಕೋಳಿಯನ್ನಷ್ಟೇ ಕೊಟ್ಟು ತುರಿಕೆ ಇಳಿಯುತ್ತದೆಯೇ ಎಂದು ಕಾದರು. ನ್ಯೂಜಿಲೆಂಡಿನಲ್ಲಿ ದನದಂತೆ ಸಾಕಿದ ಜಿಂಕೆಯ ಮಾಂಸವೂ ಇದಕ್ಕೆಂದೇ ಡಬ್ಬಿಗಳಲ್ಲಿ ಬರುತ್ತದಂತೆ. ಆ ಮನೆಯವರ ಪ್ರಶ್ನೆ ನಾಯಿಯ ಚರ್ಮದ್ದು, ನನ್ನದು ನನ್ನ ಮೀಸೆಯದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಕಾಡಿನ ಬಾಡಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡ ನಾನು ದಿನನಿತ್ಯದ ಬಾಡಿನ ಬಗ್ಗೆ ಯೋಚಿಸಿದ್ದು ಕಡಿಮೆ. ನಮ್ಮ ಸೀಮೆಯಲ್ಲಿ ನಾಯಿಗೆ ಹಾಕುವುದು ಮನುಷ್ಯ ಬೇಡವೆಂದದ್ದನ್ನು. ಕುರಿ ಕೊಯ್ದ ಕಡೆ ನೋಡಿ. ಶ್ವಾಸಕೋಶದ ಮೇಲೋ ಕಲೀಜದ ಮೇಲೋ ಬಿಳಿಯ ಗುಳ್ಳೆಗಳಿರುತ್ತವೆ, ಬಟಾಣಿಯಿಂದ ನಿಂಬೆಹಣ್ಣಿನ ಗಾತ್ರದವರೆಗೆ. ಹೆಬ್ಬೆರಳಲ್ಲಿ ಒತ್ತಿದರೆ ಬಿಗಿಯಾಗಿ ಪುಟಿಯುತ್ತವೆ, ಕತ್ತಿ ತಾಗಿದರೆ ತಿಳಿನೀರು ಚಿಮ್ಮುತ್ತದೆ. ಕೊಯ್ಯುವವನು ಆ ತುಂಡನ್ನು ಕೆತ್ತಿ ಕಾದು ನಿಂತ ನಾಯಿಗಳತ್ತ ಎಸೆಯುತ್ತಾನೆ. ಅದು ಹೈಡಾಟಿಡ್ ಗುಳ್ಳೆ. ಅದರೊಳಗಿನದು ನಾಯಿಯ ಕರುಳು ಸೇರಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳುವಾಗುತ್ತದೆ. ನಾಯಿಗೆ ಏನೂ ಆಗುವುದಿಲ್ಲ, ಮಿರಮಿರ ಮಿಂಚುತ್ತಲೇ ಇರುತ್ತದೆ. ಅದರ ಮಲದಲ್ಲಿ ಬೀಳುವ ಮೊಟ್ಟೆ ಹುಲ್ಲಿಗೆ, ನೀರಿಗೆ, ಅದರ ಕೂದಲಿಗೆ, ಮೈದಡವಿದ ಮಗುವಿನ ಕೈಗೆ ಹತ್ತುತ್ತದೆ. ಬಾಯಿಗೆ ಹೋದರೆ ಮನುಷ್ಯನ ಕಲೀಜದಲ್ಲೂ ಅದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ; ಎಷ್ಟೋ ಸಲ ಆಪರೇಷನ್ನೇ ಗತಿ.

ಹಟ್ಟಿಯ ಕಥೆ ಇನ್ನೂ ಹತ್ತಿರದ್ದು. ಒಂದೊಂದು ಕುರಿ ತಲೆ ಓರೆ ಮಾಡಿಕೊಂಡು ಒಂದೇ ದಿಕ್ಕಿಗೆ ಸುತ್ತತೊಡಗುತ್ತದೆ. ಮೇವು ಬಿಡುತ್ತದೆ, ಬಂಡೆಗೆ ಡಿಕ್ಕಿ ಹೊಡೆಯುತ್ತದೆ, ಸಾಯುತ್ತದೆ. ಅದರ ಮಿದುಳಿನಲ್ಲಿ ಇನ್ನೊಂದು ಬಗೆಯ ಲಾಡಿಹುಳುವಿನ ನೀರ್ಗುಳ್ಳೆ ಇರುತ್ತದೆ. ಸತ್ತ ಕುರಿಯ ತಲೆ ಯಾರ ಪಾಲಿಗೆ? ರಾತ್ರಿಯಿಡೀ ತೋಳ ಕಾದ ನಾಯಿಯ ಪಾಲಿಗೆ. ತಲೆ ಒಡೆದು ತಿಂದ ನಾಯಿ ಬೆಳಗ್ಗೆ ಮಂದೆಯ ಜೊತೆ ಹುಲ್ಲುಗಾವಲಿಗೆ ಹೋಗುತ್ತದೆ, ಅಲ್ಲಿ ಮೊಟ್ಟೆ ಬಿಡುತ್ತದೆ, ಮತ್ತೊಂದು ಮರಿ ಸುತ್ತತೊಡಗುತ್ತದೆ. ಕುರುಬರಲ್ಲಿ ಅನೇಕರು ಇದಕ್ಕೆ ಕಣ್ಣುಬಿದ್ದದ್ದು ಕಾರಣ ಎನ್ನುತ್ತಾರೆ. ಅವರನ್ನು ದೂರಲಾರೆ. ದುಡಿದ ನಾಯಿಗೆ ಪಾಲು ಕೊಡಬೇಕೆಂಬ ಅವರ ಧರ್ಮ ನಮ್ಮಜ್ಜನದೇ. ಬೇಕಾದದ್ದು ಒಂದು ಪಾತ್ರೆ, ಒಂದಿಷ್ಟು ಸೌದೆ. ಚೆನ್ನಾಗಿ ಕುದಿಸಿದರೆ ಗುಳ್ಳೆಯೊಳಗಿನ ಹುಳು ಸಾಯುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ ಆಗಾಗ ನಾಯಿಗೆ ಪ್ರಾಜಿಕ್ವಾಂಟೆಲ್ ಗುಳಿಗೆ ಕೊಟ್ಟರೆ ಕರುಳಿನ ಹುಳುವೂ ಹೋಗುತ್ತದೆ.

ಇನ್ನೊಂದು ಸಂಕಟವಿದೆ. ನಮ್ಮ ಪಕ್ಕದಲ್ಲೇ ದರೋಜಿ ಕರಡಿಧಾಮ, 1994ರಲ್ಲಿ ಘೋಷಣೆಯಾದದ್ದು. ಅದರ ಸುತ್ತಲಿನ ಬಂಡೆಗಳಲ್ಲಿ ಚಿರತೆಗಳಿವೆ. ಮಹಾರಾಷ್ಟ್ರದ ಅಕೋಲೆ ಕಬ್ಬಿನ ಸೀಮೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಾಕುನಾಯಿಯದೇ ಎಂದು ತಿಳಿಯಿತು. ನಮ್ಮದೂ ಕಬ್ಬಿನ ಸೀಮೆ. ಗುಡ್ಡದ ಮೊಲವನ್ನೆಲ್ಲ ನಾವು ತಂದು ತಿಂದು, ತಿನ್ನಿಸಿ ಮುಗಿಸಿದರೆ ಚಿರತೆ ಯಾರ ಅಂಗಳಕ್ಕೆ ಬರಬೇಕು? ಹಂದಿಗೆಂದು ಹಿಟ್ಟಿನಲ್ಲಿ ಮುಚ್ಚಿಟ್ಟ ಸಿಡಿಮದ್ದಿನ ಉಂಡೆಯೂ ಅಷ್ಟೇ. ವಾಸನೆಗೆ ಹೋಗಿ ಕಚ್ಚಿದ ನಾಯಿಯ ದವಡೆ ಉಳಿಯುವುದಿಲ್ಲ. ಕರಿಯನಿಗೆ ಕಾಡಿನ ರುಚಿ ಹತ್ತಿಸಿ ಆ ದಾರಿಗೆ ಬಿಡಲು ನನ್ನ ಕೈ ಬರುವುದಿಲ್ಲ.

ಈಗ ಭಾನುವಾರ ಬಾಡಿನ ಅಂಗಡಿಯಿಂದ ಬೋಟಿ, ಕಲೀಜ ತಂದು ನಾನೇ ಬಿಡಿಸಿ ನೋಡುತ್ತೇನೆ. ಗುಳ್ಳೆ ಇದ್ದದ್ದನ್ನು ನಾಯಿ ಕೆದರದಷ್ಟು ಆಳಕ್ಕೆ ಹೂಳುತ್ತೇನೆ, ಉಳಿದದ್ದನ್ನು ಕುದಿಸಿ ರೊಟ್ಟಿಯ ಜೊತೆ ಕಲಸುತ್ತೇನೆ. ಸಂಜೆ ಕರಿಯನನ್ನು ಬಯಲಿಗೆ ಕರೆದೊಯ್ದು ಹರಕು ಬಟ್ಟೆಯ ಉಂಡೆ ಎಸೆದು ಓಡಿಸುತ್ತೇನೆ. ಅಂಗಡಿಯವನಿಗೆ ಗುಳ್ಳೆಯ ವಿಷಯ ತಿಳಿಸಿದ್ದೇನೆ. ಅವನು ತಲೆಯಾಡಿಸುತ್ತಾನೆ, ಗಿರಾಕಿ ಹೆಚ್ಚಿದ ದಿನ ಮತ್ತೆ ಎಸೆಯುತ್ತಾನೆ. ಅಂಗಡಿಯ ಹಿಂದೆ ಮುಚ್ಚಳವಿರುವ ಗುಂಡಿಯೊಂದನ್ನು ತೋಡಿಸಬೇಕು, ಕುರಿಗೆ ಜಂತುಹುಳುವಿನ ಔಷಧ ಹಂಚುವ ದಿನವೇ ಹಟ್ಟಿಯ ನಾಯಿಗಳಿಗೂ ಗುಳಿಗೆ ಕೊಡಿಸಬೇಕು ಎಂದು ಮುಂದಿನ ಗ್ರಾಮಸಭೆಯಲ್ಲಿ ಕೇಳುವವನಿದ್ದೇನೆ. ಇಬ್ಬರು ಕುರಿಗಾರರು ಜೊತೆಗೆ ಬರುತ್ತೇವೆ ಎಂದಿದ್ದಾರೆ.