ಮರಳಿ ಬಂದ ಪತ್ರ

ನನ್ನ ಪುಸ್ತಕದ ಕಪಾಟಿನಲ್ಲಿ, ಹಳೆಯ ಪಂಚಾಂಗವೊಂದರ ಹಾಳೆಗಳ ನಡುವೆ, ಒಂದು ಪತ್ರವನ್ನು ಜೋಪಾನವಾಗಿ ಇಟ್ಟಿದ್ದೇನೆ. ಅದು ಬೇರೆಯವರು ನನಗೆ ಬರೆದುದಲ್ಲ. ನಾನೇ ಬರೆದು ಕಳಿಸಿದ್ದು, ಓದಿದವರು ನನಗೇ ಮರಳಿ ಕೊಟ್ಟದ್ದು. ಜನಪ್ರತಿನಿಧಿಗಳು ಬಡವರ ವಸತಿಗಾಗಿ ಮಾಡುವ ಕೆಲಸವನ್ನು ಕುರಿತು ಏನಾದರೂ ಬರೆಯಿರೆಂದು ಸಂಪಾದಕರು ಕೇಳಿದಾಗ, ಯೋಜನೆಗಳ ಹೆಸರನ್ನೂ ಅಂಕಿಗಳನ್ನೂ ಜೋಡಿಸಿ ಒಂದು ಲೇಖನ ಮಾಡಿಬಿಡಬಹುದೆಂದುಕೊಂಡೆ. ಬರೆಯಲು ಕುಳಿತಾಗ ಈ ಪತ್ರವೇ ಕಣ್ಣ ಮುಂದೆ ಬಂದು ನಿಂತಿತು. ಅದನ್ನು ಮರೆಮಾಡಿ ಬರೆದರೆ ಓದುಗ ಬಂಧುಗಳಿಗೆ ಅರ್ಧ ಸತ್ಯವನ್ನು ಹೇಳಿದಂತಾದೀತು.

ನಮ್ಮೂರು ಮಲಪ್ರಭೆಯ ದಂಡೆಯ ಮೇಲಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿ ನಮ್ಮ ಭಾಗದಲ್ಲಿ ವರ್ಷದ ಬಹುಕಾಲ ಬರಿದಾಗಿಯೇ ಇರುತ್ತದೆ. ಬರಿದಾದ ನದಿಯನ್ನೇ ಕಂಡು ಬೆಳೆದ ಜನ ಅದರ ಪಾತ್ರದೊಳಕ್ಕೂ ಗಳೆ ಹೂಡಿದರು. ನದಿ ಮಾತ್ರ ತನ್ನ ದಾರಿಯನ್ನು ಮರೆಯಲಿಲ್ಲ. 2009ರ ಅಕ್ಟೋಬರಿನಲ್ಲಿ ಒಮ್ಮೆ ಬಂದು ನೆನಪಿಸಿತು; 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ಬಂದಿತು.

ನಾನು ಹತ್ತನೆಯ ವಯಸ್ಸಿಗೆ ಶ್ರೀಮಠದ ಉಚಿತ ಪ್ರಸಾದ ನಿಲಯವನ್ನು ಸೇರಿದವನು. ಸಂಸ್ಕೃತ ಪಾಠ, ಹಳಗನ್ನಡ, ಬೆಳಗಿನ ಝಾವದ ಪ್ರಾರ್ಥನೆ, ಮಧ್ಯಾಹ್ನದ ಜೋಳದ ನುಚ್ಚು, ಇವುಗಳ ನಡುವೆ ನನ್ನ ವಿದ್ಯೆ ನಡೆಯಿತು. ಆದರೆ ನನ್ನನ್ನು ಮಠಕ್ಕೆ ಕಳಿಸಿ ಊರಲ್ಲಿ ಹೊಲವನ್ನು ಕಾಯ್ದವನು ನನ್ನ ಅಣ್ಣ. ತಂದೆಯವರು ತೀರಿಕೊಂಡಾಗ ಅವನು ಏಳನೆಯ ಇಯತ್ತೆಯಲ್ಲಿದ್ದ. ಪಾಟಿಯನ್ನು ನನಗೆ ಕೊಟ್ಟು ಬಾರುಕೋಲನ್ನು ತಾನು ಹಿಡಿದ. ಮುಂದೆ ನಾನು ಅಧ್ಯಾಪಕನಾಗಿ, ನಾಲ್ಕು ಜನರಿಂದ ಪಂಡಿತನೆನಿಸಿಕೊಂಡು ಶಾಲು ಹೊದ್ದ ಪ್ರತಿ ಸಲವೂ ಅವನು ಸಭೆಯ ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕುಳಿತಿರುತ್ತಿದ್ದ. ಅವನು ನನ್ನಿಂದ ಏನನ್ನೂ ಕೇಳಿದವನಲ್ಲ. ಕೇಳಿದ್ದು ಒಂದೇ ಸಲ.

2019ರ ಪ್ರವಾಹ ಇಳಿದ ಮೇಲೆ ಸರಕಾರವು ಬಿದ್ದ ಮನೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಮುಕ್ಕಾಲು ಪಾಲಿಗಿಂತ ಹೆಚ್ಚು ಹಾನಿಯಾದುದು 'ಎ', ಕಾಲು ಪಾಲಿನಿಂದ ಮುಕ್ಕಾಲು ಪಾಲಿನವರೆಗಿನದು 'ಬಿ', ಅದಕ್ಕೂ ಕಡಿಮೆಯಾದುದು 'ಸಿ'. 'ಎ' ವರ್ಗದ ಮನೆಗೆ 5 ಲಕ್ಷ ರೂಪಾಯಿ, 'ಸಿ' ವರ್ಗಕ್ಕೆ 50 ಸಾವಿರ. ಬಸವ ವಸತಿ ಯೋಜನೆಯಲ್ಲಿ ಸಾಮಾನ್ಯ ವರ್ಗದ ಬಡವನೊಬ್ಬನಿಗೆ ಸಿಗುತ್ತಿದ್ದುದು 1 ಲಕ್ಷ 20 ಸಾವಿರ ಎಂಬುದನ್ನು ನೆನೆದರೆ, ಒಂದು ಅಕ್ಷರದ ವ್ಯತ್ಯಾಸಕ್ಕೆ ಎಷ್ಟು ಬೆಲೆ ಬಂದಿತ್ತೆಂಬುದು ತಿಳಿಯುತ್ತದೆ. ಈ ಅಕ್ಷರವನ್ನು ಬರೆಯುವವರು ತಲಾಠಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿ ಮತ್ತು ಎಂಜಿನಿಯರ್. ಶಾಸಕರಿಗೆ ಇದರಲ್ಲಿ ಬರವಣಿಗೆಯ ಅಧಿಕಾರವಿಲ್ಲ. ಆದರೆ ನಮ್ಮ ನಾಡಿನಲ್ಲಿ ಅಧಿಕಾರ ಬರವಣಿಗೆಯಲ್ಲಷ್ಟೇ ಇರುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಇಲ್ಲಿ ಮಣ್ಣಿನ ಮನೆಯ ಸ್ವಭಾವವನ್ನು ಹೇಳಬೇಕು. ನಮ್ಮ ಕಡೆಯ ಮಾಳಿಗೆಯ ಮನೆ ಕಂಬ, ತೊಲೆ, ಜಂತಿಗಳ ಮೇಲೆ ಮಣ್ಣನ್ನು ಹೊತ್ತು ನಿಂತಿರುತ್ತದೆ. ಅದರ ಗೋಡೆಗಳು ಎರಡು ಮೊಳ ದಪ್ಪ. ನೀರಿನಲ್ಲಿ ನೆನೆದ ಇಂಥ ಗೋಡೆ ನೀರಿದ್ದಾಗಲೇ ಬೀಳಬೇಕೆಂದಿಲ್ಲ. ನೀರು ಇಳಿದು, ಬಿಸಿಲು ಬಿದ್ದು, ಒಂದು ಮಗ್ಗುಲು ಒಣಗಿ ಇನ್ನೊಂದು ಹಸಿಯಾಗಿಯೇ ಉಳಿದಾಗ ಬಿರಿಯುತ್ತದೆ. ಒಂದು ರಾತ್ರಿ ತಾನಾಗಿ ಕುಸಿಯುತ್ತದೆ. ಅಳತೆಯ ಪಟ್ಟಿ ಹಿಡಿದು ನಾಲ್ಕನೆಯ ದಿನ ಬಂದವರಿಗೆ ನಿಂತ ಗೋಡೆ ಕಾಣುತ್ತದೆ. ಹತ್ತನೆಯ ದಿನ ಅಲ್ಲಿ ಮಣ್ಣಿನ ಗುಡ್ಡೆ ಇರುತ್ತದೆ. ಕಡತದಲ್ಲಿ ಮಾತ್ರ ಗೋಡೆ ನಿಂತೇ ಇರುತ್ತದೆ.

ಅಣ್ಣನ ಮನೆಯಲ್ಲಿ ಹಿಂದಿನ ಗೋಡೆ ಮತ್ತು ದನದ ಕೊಟ್ಟಿಗೆ ಬಿದ್ದಿದ್ದವು. ಪಡಸಾಲೆ, ಅಡುಗೆಯ ಮನೆ, ದೇವರ ಕೋಣೆ ನಿಂತಿದ್ದವು. ಒಂದು ಸಂಜೆ ಅಣ್ಣನ ಮಗ ಬಂದು, "ಕಾಕಾ, ಶಾಸಕರು ನಿಮ್ಮ ಮಾತು ತಗದು ಹಾಕೂದಿಲ್ಲ. ಒಂದು ಚೀಟಿ ಬರದ್ ಕೊಡ್ರಿ. ಅಪ್ಪನೂ ಹೇಳ್ಯಾನ" ಎಂದ. ಆ ಶಾಸಕರು ನಮ್ಮ ಪ್ರಸಾದ ನಿಲಯದಲ್ಲಿಯೇ ನನಗಿಂತ ಬಹಳ ವರ್ಷ ಕಿರಿಯರಾಗಿ ಓದಿದವರು; ನನ್ನನ್ನು ಗುರುಗಳೆಂದು ಕರೆಯುವವರು. ನಾನು ಬರೆದೆ. ಸುಂದರವಾದ ಕನ್ನಡದಲ್ಲಿಯೇ ಬರೆದೆ. "ಮನೆಯು ಸಂಪೂರ್ಣ ಶಿಥಿಲಗೊಂಡು ವಾಸಕ್ಕೆ ಅಯೋಗ್ಯವಾಗಿರುವುದರಿಂದ" ಎಂಬ ವಾಕ್ಯ ಅದರಲ್ಲಿದೆ. ಶಿಥಿಲ ಎಂಬುದು ಹಿಗ್ಗಿಸಿದರೆ ಹಿಗ್ಗುವ ಶಬ್ದವೆಂದು ವ್ಯಾಕರಣ ಕಲಿತ ನನಗೆ ತಿಳಿದಿತ್ತು. ಪೂರ್ತಿ ಸುಳ್ಳಲ್ಲವೆಂದು ನನಗೆ ನಾನೇ ಹೇಳಿಕೊಂಡು ರುಜು ಹಾಕಿದೆ.

ಕೆಲವು ವಾರಗಳ ನಂತರ ಊರಿನ ಗುಡಿಯ ಮುಂದಿನ ಕಟ್ಟೆಯ ಬಳಿ ಸಭೆ ಕರೆಯಲಾಗಿತ್ತು. ಪರಿಹಾರದ ಪಟ್ಟಿಯನ್ನು ಎಲ್ಲರೆದುರು ಓದುವುದೆಂದು ಡಂಗುರ ಸಾರಿದ್ದರು. ಫಲಾನುಭವಿಗಳ ಆಯ್ಕೆ ಗ್ರಾಮಸಭೆಯ ಎದುರಿನಲ್ಲಿ ನಡೆಯಬೇಕೆಂಬುದು ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ ಆಶಯವೇ ಆಗಿದೆ. ಪಟ್ಟಿಯನ್ನು ಪಂಚಾಯತಿಯ ಗೋಡೆಗೆ ಹಚ್ಚುವ ಕ್ರಮವೂ ಇದೆ. ಆದರೆ ಗೋಡೆಗೆ ಹಚ್ಚಿದ ಕಾಗದವನ್ನು ಓದಬಲ್ಲವರು ಓದುತ್ತಾರೆ, ಉಳಿದವರು ನೋಡಿ ಹೋಗುತ್ತಾರೆ. ಓದಿ ಹೇಳುವುದು ಬೇರೆ. ಶಾಸಕರು ಕಟ್ಟೆಯ ಮೇಲೆ ಹಾಕಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಕೆಳಗೆ ಕುಳಿತರು. ಇದು ಸ್ವಲ್ಪ ಪ್ರದರ್ಶನವೇ ಎಂದು ನನಗೆ ಆಗ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ರಾಜಕಾರಣದಲ್ಲಿರುವವರಿಗೆ ಅಷ್ಟು ಬೇಕೇನೋ.

ಅವರು ಹೆಸರು, ಬಿದ್ದ ಗೋಡೆಗಳ ವಿವರ, ವರ್ಗ, ಈ ಮೂರನ್ನು ಓದಿ ಪ್ರತಿ ಸಲವೂ "ಇದು ಖರೇ ಏನ್ರಿ?" ಎಂದು ಕೇಳುತ್ತಿದ್ದರು. ಹತ್ತು ಹೆಸರು ಹೋದರೂ ಯಾರೂ ಬಾಯಿ ತೆರೆಯಲಿಲ್ಲ. ಹಳ್ಳಿಯಲ್ಲಿ ಒಬ್ಬನ ಸುಳ್ಳನ್ನು ಇನ್ನೊಬ್ಬ ಎತ್ತಿ ಆಡಿದರೆ ನಾಳೆ ಅದೇ ಬಾವಿಯ ಕಟ್ಟೆಯಲ್ಲಿ ಮುಖ ನೋಡಬೇಕಲ್ಲ. ಆಗ ಹೆಂಗಸರ ಗುಂಪಿನಿಂದ ಒಬ್ಬ ವೃದ್ಧೆ ಎದ್ದು ನಿಂತಳು. ಕೂಲಿ ಮಾಡಿ ಬದುಕುವವಳು, ನಮ್ಮ ಸಮಾಜದವಳಲ್ಲ. "ಎಪ್ಪಾ, ನಂದು ಓದು" ಎಂದಳು. ಹುಡುಕಿ ಓದಿದರು: 'ಸಿ'. ಆಕೆ ಸಿಟ್ಟಾಗಲಿಲ್ಲ. "ಸಾಹೇಬ್ರು ಬಂದಾಗ ನಿಂತಿತ್ತ, ಅವರು ಹೋದ ಮ್ಯಾಲೆ ಬಿತ್ತ. ಅವರು ಇನ್ನೊಂದೀಟ ನಿಂತಿದ್ರ ಅವರ ಮ್ಯಾಲೇ ಬೀಳತಿತ್ತ" ಎಂದಳು. ಜನ ನಕ್ಕರು. ಆಕೆ ನಗಲಿಲ್ಲ.

ಅದರ ನಂತರ ಓದಿದ ಮೂರನೆಯದೋ ನಾಲ್ಕನೆಯದೋ ಹೆಸರು ನನ್ನ ಅಣ್ಣನದು. ವರ್ಗ 'ಎ'. "ಇದು ಖರೇ ಏನ್ರಿ?"

ಯಾರೂ ಮಾತನಾಡಲಿಲ್ಲ. ಆದರೆ ಈ ಸಲದ ಮೌನ ಬೇರೆಯಾಗಿತ್ತು. ನಾಲ್ಕಾರು ಮುಖಗಳು ನನ್ನ ಕಡೆಗೆ ತಿರುಗಿ, ಗೌರವದಿಂದ, ಮತ್ತೆ ನೆಲವನ್ನು ನೋಡಿದವು. ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಆ ಗೌರವ ನನ್ನನ್ನು ಚುಚ್ಚಿದಂತೆ ಯಾವ ನಿಂದೆಯೂ ಚುಚ್ಚಿರಲಿಲ್ಲ. ಎದ್ದು ನಿಂತೆ. ಪಡಸಾಲೆ ನಿಂತಿದೆ, ಒಳಗಿನ ಎರಡು ಕೋಣೆ ನಿಂತಿವೆ, ಬಿದ್ದದ್ದು ಹಿಂದಿನ ಗೋಡೆ ಮತ್ತು ಕೊಟ್ಟಿಗೆ, ಎಂದಷ್ಟೇ ಹೇಳಿದೆ. ಪತ್ರದ ಮಾತನ್ನು ಹೇಳುವ ಧೈರ್ಯ ಬರಲಿಲ್ಲ. ಅಣ್ಣ ಹಿಂದಿನ ಸಾಲಿನಿಂದ ಎದ್ದು, ರುಮಾಲು ಕೊಡವಿಕೊಂಡು, ಸಭೆಯಿಂದ ಹೊರಟುಹೋದ.

ಸಭೆ ಮುಗಿದ ಮೇಲೆ ಶಾಸಕರು ಕಾರಿನ ಬಳಿಗೆ ನನ್ನನ್ನು ಕರೆದು ಕಿಸೆಯಿಂದ ಆ ಪತ್ರವನ್ನು ತೆಗೆದುಕೊಟ್ಟರು. ತಾವು ಅದರ ಬಗೆಗೆ ಯಾರಿಗೂ ಒಂದು ಮಾತು ಹೇಳಿರಲಿಲ್ಲವೆಂದರು. ಹಾಗಾದರೆ 'ಎ' ಬಂದದ್ದು ಹೇಗೆ? ನಮ್ಮ ಹುಡುಗ ಪತ್ರದ ಪ್ರತಿಯೊಂದನ್ನು ಮಾಡಿಸಿ ಸಮೀಕ್ಷೆಗೆ ಬಂದವರಿಗೂ ತೋರಿಸಿದ್ದನಂತೆ. ಶಾಸಕರಿಗೆ ಬರೆದ ಪತ್ರವೇ ಶಾಸಕರ ಮಾತೆಂದು ಅವರು ತಿಳಿದಿರಬೇಕು. "ಗುರುಗಳ, ನೀವು ಬರದ್ ಕೊಡ್ತೀರಿ, ನಾವು ಫೋನ್ ಮಾಡ್ತೀವಿ, ಆಮ್ಯಾಲೆ ಊರ ಕೂಡಿ ನಮಗ ಕಳ್ಳ ಅಂತೀರಿ" ಎಂದರು ಶಾಸಕರು. ಮಾತಿನಲ್ಲಿ ಕಹಿ ಇರಲಿಲ್ಲ, ದಣಿವಿತ್ತು. ಅಂಥ ಚೀಟಿಗಳು ಅವರ ಕಾರಿನಲ್ಲಿ ಒಂದು ಚೀಲದ ತುಂಬ ಇದ್ದವು. ಕೆಲವು ಮಠಗಳ ಮುದ್ರೆಯನ್ನೂ ಹೊತ್ತಿದ್ದವು.

ಜನಪ್ರತಿನಿಧಿಗಳ ಉತ್ತರದಾಯಿತ್ವವನ್ನು ಕುರಿತು ನಾವು ವೇದಿಕೆಗಳಲ್ಲಿ ಬಹಳ ಮಾತನಾಡುತ್ತೇವೆ. ಅದಕ್ಕೆ ಕಾನೂನುಗಳಿವೆ. ನಮ್ಮ ರಾಜ್ಯದ 1984ರ ಲೋಕಾಯುಕ್ತ ಕಾಯ್ದೆಯಂತೆ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ತಮ್ಮ ಆಸ್ತಿಯ ವಿವರವನ್ನು ಸಲ್ಲಿಸಬೇಕು. 2005ರ ಮಾಹಿತಿ ಹಕ್ಕು ಕಾಯ್ದೆಯಿಂದ ಯಾವ ಪಟ್ಟಿಯನ್ನಾದರೂ ಕೇಳಿ ಪಡೆಯಬಹುದು. ಆದರೆ ಚೀಟಿ ಬರೆಯುವ ನಮ್ಮಂಥವರ ಲೆಕ್ಕವನ್ನು ಕೇಳುವ ಕಾಯ್ದೆ ಯಾವುದೂ ಇಲ್ಲ.

ಮುಂದೆ ನಡೆದುದನ್ನೂ ಹೇಳುತ್ತೇನೆ. ಶಾಸಕರು ತಹಶೀಲ್ದಾರರಿಗೆ ಹೇಳಿ ಮರುಪರಿಶೀಲನೆ ಮಾಡಿಸಿದರು. ಅಣ್ಣನ ಮನೆ 'ಬಿ'ಗೆ ಇಳಿಯಿತು, ವೃದ್ಧೆಯ ಮನೆ 'ಎ'ಗೆ ಏರಿತು. ಅಷ್ಟಕ್ಕೆ ಮುಗಿಯಲಿಲ್ಲ. ಆಕೆಯ ಮನೆಯ ಉತಾರ ತೀರಿಹೋದ ಮಾವನ ಹೆಸರಿನಲ್ಲಿತ್ತು. ಆ ಒಂದು ಉತಾರದ ಮೇಲೆ ನಾಲ್ಕು ಒಲೆಗಳು ಹೊತ್ತುತ್ತಿದ್ದವು. ಒಂದು ಉತಾರಕ್ಕೆ ಒಂದೇ ಪರಿಹಾರ. ನಮ್ಮ ಭಾಗದಲ್ಲಿ ಮನೆ ಕಳೆದುಕೊಂಡವರನ್ನು ನೀರಿಗಿಂತ ಹೆಚ್ಚು ಕಾಡಿದ್ದು ಈ ಕಾಗದ. ಶಾಸಕರು ತಲಾಠಿಯನ್ನೂ ಪಂಚಾಯತಿಯವರನ್ನೂ ಎರಡು ದಿನ ಸಮುದಾಯ ಭವನದಲ್ಲಿ ಕೂರಿಸಿ ವಾರಸಾ ದಾಖಲೆಗಳನ್ನು ಮಾಡಿಸಿಕೊಟ್ಟರು. ಅವರು ಮಾಡಿದ ಕೆಲಸಗಳಲ್ಲಿ ನಾನು ಇದನ್ನೇ ಎಲ್ಲಕ್ಕಿಂತ ದೊಡ್ಡದೆಂದು ಎಣಿಸುತ್ತೇನೆ. ಇದರ ಫೋಟೋ ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಎಲ್ಲ ಊರುಗಳಲ್ಲಿಯೂ ಅವರು ಹೀಗೆ ಪಟ್ಟಿ ಓದಲಿಲ್ಲವೆಂದೂ, ತಮಗೆ ಬೇಕಾದವರಿದ್ದ ಒಂದೆರಡು ಊರುಗಳನ್ನು ಬಿಟ್ಟರೆಂದೂ ಕೇಳಿದ್ದೇನೆ, ಇದ್ದೀತು.

ಹಣ ಕಂತುಗಳಲ್ಲಿ ಬರುತ್ತಿತ್ತು. ಮೊದಲು 1 ಲಕ್ಷ. ಅಡಿಪಾಯ, ಗೋಡೆ, ಛಾವಣಿ ಎಂದು ಕೆಲಸ ಏರಿದಂತೆ ಫೋಟೋ ತೆಗೆದು ರಾಜೀವ್ ಗಾಂಧಿ ವಸತಿ ನಿಗಮಕ್ಕೆ ಕಳಿಸಿದ ಮೇಲೆ ಉಳಿದದ್ದು. ಕೈಯಲ್ಲಿ ದುಡ್ಡಿದ್ದವನಿಗೆ ಇದು ಒಳ್ಳೆಯ ಕ್ರಮ. ದುಡ್ಡಿಲ್ಲದವನ ಗೋಡೆ ಎದೆಯೆತ್ತರಕ್ಕೆ ಬಂದು ಅಲ್ಲಿಯೇ ನಿಲ್ಲುತ್ತದೆ, ಏಕೆಂದರೆ ಮುಂದಿನ ಕಂತಿಗಾಗಿ ತೋರಿಸಬೇಕಾದ ಕೆಲಸವನ್ನು ಮೊದಲು ತನ್ನ ಹಣದಿಂದ ಮಾಡಬೇಕು. ಇಲ್ಲಿ ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಕೈಗೂಡಿಸಿದರು. ಸಿಮೆಂಟಿನ ಅಂಗಡಿಯವರಿಗೆ ಜಾಮೀನು ನಿಂತು ಉದ್ದರಿ ಕೊಡಿಸಿದರು; ರವಿವಾರ ಬಂದು ಕಲ್ಲು ಹೊತ್ತರು. ಮೊದಲು ನಮ್ಮವರ ಮನೆಗಳನ್ನು ನೋಡಿಕೊಳ್ಳೋಣವೆಂಬ ಮಾತೂ ಆ ಸಭೆಯಲ್ಲಿ ಬಂದಿತ್ತು. ಹಿರಿಯ ಶ್ರೀಗಳು, ಪ್ರಸಾದದ ಪಂಕ್ತಿಯಲ್ಲಿ ಕುಳಿತವರ ಕುಲವನ್ನು ಯಾವಾಗಿನಿಂದ ಕೇಳಲಾರಂಭಿಸಿದಿರಿ ಎಂದು ಕೇಳಿ ಸುಮ್ಮನಾದರು. ಮೊದಲು ಕೈಗೆತ್ತಿಕೊಂಡದ್ದು ಆ ವೃದ್ಧೆಯ ಮನೆ.

2009ರ ಪ್ರವಾಹದ ನಂತರವೂ 'ಆಸರೆ' ಯೋಜನೆಯಲ್ಲಿ ದಾನಿಗಳು, ಸಂಸ್ಥೆಗಳು, ಮಠಗಳು ಕೂಡಿ ನದಿಯಿಂದ ದೂರದಲ್ಲಿ ಮನೆಗಳನ್ನು ಕಟ್ಟಿಸಿದ್ದರು. ದನಗಳಿಗೆ ಜಾಗವಿಲ್ಲ, ಹೊಲ ದೂರ ಎಂದು ಎಷ್ಟೋ ಜನ ಅಲ್ಲಿಗೆ ಹೋಗಲೇ ಇಲ್ಲ. ಕಟ್ಟುವವರು ಇರುವವರನ್ನು ಕೇಳದೆ ಕಟ್ಟಿದರೆ ಹಾಗಾಗುತ್ತದೆ. ಈ ಸಲ ವೃದ್ಧೆಯನ್ನು ಕೇಳಿದರು. ಮೇಕೆಗಳಿಗೊಂದು ಚಪ್ಪರ, ಹೊರಗೊಂದು ಒಲೆ, ಬಾಗಿಲು ಗುಡಿಯ ಕಡೆಗೆ, ಇವಿಷ್ಟು ಆಕೆಯ ಬೇಡಿಕೆ. ಮನೆ ಮುಗಿಯಲು ಎರಡು ವರ್ಷ ಹಿಡಿಯಿತು. ಗೃಹಪ್ರವೇಶಕ್ಕೆ ನನ್ನನ್ನು ಕರೆದಳು, ಹೋಳಿಗೆ ಮಾಡಿದ್ದಳು. ಆಕೆಗೆ ಪತ್ರದ ಸಂಗತಿ ತಿಳಿದಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಅಣ್ಣ ಹಿಂದಿನ ಗೋಡೆಯನ್ನು ಕಟ್ಟಿಸಿಕೊಂಡ. ಹಬ್ಬಕ್ಕೆ ಹೋದಾಗ ಎಂದಿನಂತೆ ಮಣೆ ಹಾಕಿಸಿ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದ. ಮಳೆ, ಬೆಳೆ, ಎತ್ತುಗಳ ಮಾತು ಆಡುತ್ತಿದ್ದ. ನನ್ನ ಸಭೆಗಳಿಗೆ ಮಾತ್ರ ಮತ್ತೆ ಬರಲಿಲ್ಲ. ಅವನು ತೀರಿಕೊಂಡು ಈಗ ಎರಡು ವರ್ಷವಾಯಿತು. ಆ ದಿನದ ಮಾತನ್ನು ಅವನು ಕೊನೆಯವರೆಗೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.