ನಾಲ್ಕು ಭಾನುವಾರ, ನಾಲ್ಕು ಗೋಪುರ

ನನ್ನ ಸೈಕಲ್ಲಿಗೆ ನನ್ನ ಮಗನಿಗಿಂತ ಹೆಚ್ಚು ವಯಸ್ಸು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದ ಹೊಸತರಲ್ಲಿ ಹಬ್ಬದ ಮುಂಗಡ ಪಡೆದು ಕೊಂಡದ್ದು. ಹನುಮಂತನಗರದ ಮನೆಯಿಂದ ಶಾಖೆಗೆ ವರ್ಷಗಟ್ಟಲೆ ಅದರಲ್ಲೇ ಓಡಾಡಿದ್ದೇನೆ. ಕಳೆದ ಮಳೆಗಾಲದಲ್ಲಿ ಮನೆಯ ಮುಂದೆಯೇ ಒದ್ದೆ ಎಲೆಗಳ ಮೇಲೆ ಚಕ್ರ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಆರು ವಾರ ಪ್ಲಾಸ್ಟರು. ಅದನ್ನು ಬಿಚ್ಚಿಸಿಕೊಂಡು ಬಂದ ದಿನವೇ ಮಗ ಹೇಳಿದ: "ಅಪ್ಪ, ಈ ಸೈಕಲ್ ಗುಜರಿಯವನಿಗೆ ಕೊಟ್ಟುಬಿಡೋಣ."

ನಾನು ಮಾತಾಡಲಿಲ್ಲ. ಮಾತಾಡಿದವಳು ಆರನೇ ತರಗತಿಯ ಮೊಮ್ಮಗಳು ಪುಟ್ಟಿ. ಅವಳ ಶಾಲೆಯಲ್ಲಿ ಬೆಂಗಳೂರಿನ ಬಗ್ಗೆ ಬರೆದು ತರಲು ಹೇಳಿದ್ದರು. "ಕೆಂಪೇಗೌಡರ ನಾಲ್ಕು ಗೋಪುರಾನೂ ನೋಡಬೇಕು. ತಾತನ ಜೊತೆ ಸೈಕಲ್ಲಲ್ಲೇ ಹೋಗ್ತೀನಿ" ಎಂದಳು. ಮಗ ಬಹಳ ಹೊತ್ತು ಯೋಚಿಸಿ ಮೂರು ಷರತ್ತು ಹಾಕಿದ. ಇಬ್ಬರೂ ಹೆಲ್ಮೆಟ್ ಹಾಕಬೇಕು. ಭಾನುವಾರ ಬೆಳಗ್ಗೆ ವಾಹನಗಳು ಹೆಚ್ಚುವ ಮೊದಲೇ ಹೋಗಿ ಬರಬೇಕು. ಸುಸ್ತಾದರೆ ಹಠ ಮಾಡದೆ ಇಳಿದುಬಿಡಬೇಕು. "ಮೂರನೆಯದು ನಿಮಗೇ ಅಪ್ಪ" ಎಂದ. ನಾಲ್ಕೂ ಗೋಪುರ ಸರಿಯಾಗಿ ಮುಗಿದರೆ ಸೈಕಲ್ ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ.

ಮಕ್ಕಳೇ, ಕೆಂಪೇಗೌಡರು ಬೆಂಗಳೂರು ಕಟ್ಟಿದ್ದು 1537ರಲ್ಲಿ ಎಂದು ನೀವು ಓದಿರುತ್ತೀರಿ. ಆ ಮನೆತನದ ಆಳ್ವಿಕೆಯಲ್ಲಿ ಊರಿನ ನಾಲ್ಕು ದಿಕ್ಕಿನಲ್ಲೂ ಒಂದೊಂದು ಗೋಪುರ ಎದ್ದಿತು. ಊರು ಇಲ್ಲಿಯವರೆಗೆ ಬೆಳೆಯುತ್ತದೆ ಎಂದು ಹಾಕಿದ ಗುರುತು ಅದು ಎನ್ನುವ ಮಾತು ಹಿಂದಿನಿಂದ ನಡೆದುಬಂದಿದೆ. ಈಗ ಊರು ಆ ಗುರುತುಗಳನ್ನು ದಾಟಿ ಎಲ್ಲೆಲ್ಲಿಗೋ ಹೋಗಿದೆ. ಗೋಪುರಗಳು ಮಾತ್ರ ಇದ್ದಲ್ಲೇ ಇವೆ.

ಮೊದಲ ಭಾನುವಾರ ಹತ್ತಿರದ್ದನ್ನೇ ಆರಿಸಿಕೊಂಡೆವು. ಗವಿಪುರದ ಪಕ್ಕ, ಕೆಂಪಾಂಬುಧಿ ಕೆರೆಯ ಬಳಿ ಬಂಡೆಯ ಮೇಲಿರುವ ಗೋಪುರ ಅದು. ಪುಟ್ಟಿಗೆ ನಿರಾಸೆಯಾಯಿತು. "ಗೋಪುರ ಅಂದರೆ ಎತ್ತರ ಇರಬೇಕಲ್ವಾ ತಾತ? ಇದು ಸಣ್ಣ ಮಂಟಪದ ಹಾಗಿದೆ." ನಾನು ಬಂಡೆಯನ್ನು ತೋರಿಸಿ, "ಎತ್ತರದ ಕೆಲಸವನ್ನು ಬಂಡೆ ಮಾಡಿದೆಯಲ್ಲಮ್ಮ" ಎಂದೆ. ಅವಳು ಒಪ್ಪಿ ಪುಸ್ತಕದಲ್ಲಿ ಬರೆದುಕೊಂಡಳು. ಹೋಗಿ ಬಂದದ್ದಕ್ಕೆ ನನ್ನ ಕಾಲು ನೋಯಲಿಲ್ಲ. ಧೈರ್ಯ ಬಂತು.

ಎರಡನೆಯದು ಲಾಲ್‌ಬಾಗ್. ಸೈಕಲ್ಲುಗಳಿಗೆ ಬೀಗ ಹಾಕಿ ಹೊರಗೆ ನಿಲ್ಲಿಸಿ ನಡೆದೆವು. 1760ರಲ್ಲಿ ಹೈದರಾಲಿ ಆರಂಭಿಸಿದ ತೋಟ ಈಗ ಸುಮಾರು 240 ಎಕರೆ. ಬೆಳಗ್ಗೆ ಅಲ್ಲಿ ನನ್ನ ವಯಸ್ಸಿನವರದೇ ರಾಜ್ಯ. ಕೆಲವರು ಓಡುತ್ತಾರೆ, ಕೆಲವರು ನಡೆಯುತ್ತಾರೆ, ಕೆಲವರು ಬೆಂಚಿನ ಮೇಲೆ ಕೂತು ನಡೆಯುವವರ ಬಗ್ಗೆ ಮಾತಾಡುತ್ತಾರೆ. ಗೋಪುರವಿರುವ ಬಂಡೆಯನ್ನು ನಿಧಾನವಾಗಿ ಹತ್ತಿದೆವು. ಆ ಕಲ್ಲಿಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದೊಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಪುಟ್ಟಿ ಕಲ್ಲನ್ನು ಮುಟ್ಟಿ, "ಹಾಗಾದರೆ ತಾತ, ಇದರ ಮುಂದೆ ನೀವಿನ್ನೂ ಮಗು" ಎಂದಳು. ಬಹಳ ದಿನಗಳ ಮೇಲೆ ಒಬ್ಬರು ನನ್ನನ್ನು ಮಗು ಎಂದದ್ದು. ಬರುವಾಗ ಗಾಂಧಿ ಬಜಾರಿನಲ್ಲಿ ಇಡ್ಲಿ, ಉದ್ದಿನ ವಡೆ ಆಯಿತು.

ಮೂರನೆಯ ಭಾನುವಾರ ಹಲಸೂರು. ದಾರಿಯಲ್ಲಿ ಕಬ್ಬನ್ ಪಾರ್ಕ್ ಸಿಗುತ್ತದೆ. 1870ರಲ್ಲಿ ಆದ ಈ ಉದ್ಯಾನದೊಳಗಿನ ರಸ್ತೆಗಳಿಗೆ ಭಾನುವಾರ ವಾಹನಗಳನ್ನು ಬಿಡುವುದಿಲ್ಲ. ಬೇರೆ ದಿನ ಹಾರ್ನ್ ಕೇಳುವ ಕಡೆ ಅವತ್ತು ಸೈಕಲ್ ಬೆಲ್ಲು. ಚಕ್ರದ ಶೂ ತೊಟ್ಟ ಮಕ್ಕಳು, ಓಟದ ಗುಂಪುಗಳು, ಮೂರು ಚಕ್ರದ ಸೈಕಲ್ ತಳ್ಳುವ ಅಪ್ಪಂದಿರು. ಪುಟ್ಟಿ ಮೂರು ಸುತ್ತು ಹೊಡೆದಳು, ನಾನು ಒಂದು ಬಿದಿರು ಮೆಳೆಯ ಬಳಿ ನಿಂತು ಉಸಿರು ತೆಗೆದುಕೊಂಡೆ. ಹಲಸೂರಿನ ಗೋಪುರ ಇರುವುದು ಸೇನೆಯ ಜಾಗದಲ್ಲಿ, ಬೇಕೆಂದಾಗ ಒಳಗೆ ಹೋಗುವಂತಿಲ್ಲ. ಕೆರೆಯ ದಂಡೆಯಲ್ಲಿ ನಿಂತು ಕಡಲೆಮಿಠಾಯಿ ತಿಂದು ಬಂದೆವು. "ಇದಕ್ಕೆ ಅರ್ಧ ಅಂಕ" ಎಂದು ಪುಟ್ಟಿ ತೀರ್ಪು ಕೊಟ್ಟಳು.

ಉಳಿದದ್ದು ಮೇಖ್ರಿ ವೃತ್ತದ ಗೋಪುರ. ನಮ್ಮ ಮನೆಯಿಂದ ಸುಮಾರು ಹತ್ತು ಕಿ.ಮೀ. ಬಸವೇಶ್ವರ ವೃತ್ತದವರೆಗೆ ಸಲೀಸಾಗಿ ಬಂದೆವು. ಬಳ್ಳಾರಿ ರಸ್ತೆಯ ಏರು ಶುರುವಾದಾಗ ನನ್ನ ತೊಡೆಗಳು ಕಲ್ಲಾದವು. ಗೇರ್ ಸೈಕಲ್ಲಿನ ಹುಡುಗರ ಗುಂಪೊಂದು ಪಕ್ಕದಲ್ಲಿ ಹಾದುಹೋಯಿತು. ಒಬ್ಬ ಹೆಬ್ಬೆರಳು ಎತ್ತಿ, "ಸೂಪರ್ ಅಂಕಲ್!" ಎಂದ. ಆ ಮಾತೇ ನನ್ನನ್ನು ಕೆಡಿಸಿತು. ಇಳಿಯಬೇಕಾದಲ್ಲಿ ಇನ್ನೂ ಜೋರಾಗಿ ತುಳಿದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು.

"ತಾತ, ಇಳೀರಿ" ಎಂದಳು ಪುಟ್ಟಿ ಹಿಂದಿನಿಂದ.

"ಏನೂ ಆಗಿಲ್ಲ, ಬಾ."

ಸ್ವಲ್ಪ ದೂರ ಸುಮ್ಮನೆ ಬಂದಳು. ಆಮೇಲೆ, "ತಾತ, ನನಗೆ ಸುಸ್ತಾಗಿದೆ. ನನ್ನ ಕೈಲಾಗಲ್ಲ" ಎಂದು ಇಳಿದೇಬಿಟ್ಟಳು. ಮಗು ಇಳಿದ ಮೇಲೆ ನಾನು ಇಳಿಯದೆ ಇರುತ್ತೇನೆಯೇ? ಇಬ್ಬರೂ ಸೈಕಲ್ ತಳ್ಳಿಕೊಂಡು ರಸ್ತೆಯ ಎಡಬದಿಯಲ್ಲಿ ನಡೆದೆವು. ನಾನು ಏದುಸಿರು ಬಿಡುತ್ತಿದ್ದೆ. ಅವಳು ಒಂದು ಕೈಯಲ್ಲಿ ಸೈಕಲ್ ಹಿಡಿದು ಏನೋ ಹಾಡು ಗುನುಗುತ್ತಿದ್ದಳು. ಸುಸ್ತಾದವರು ಹಾಡುವುದಿಲ್ಲ. ಬ್ಯಾಂಕಿನಲ್ಲಿ ಅಷ್ಟು ವರ್ಷ ಲೆಕ್ಕ ತಾಳೆ ನೋಡಿದವನಿಗೆ ಇಷ್ಟು ತಿಳಿಯದೆ?

ರಸ್ತೆಯ ಪಕ್ಕದ ಉದ್ಯಾನದಲ್ಲಿ ಗೋಪುರದ ಎದುರು ಕೂತೆವು. ನೀರಿನ ಬಾಟಲಿಯನ್ನು ಅವಳು ಮೊದಲು ನನಗೇ ಕೊಟ್ಟಳು. ಹಿಂದೆ ಇಲ್ಲಿ ನಿಂತವರಿಗೆ ಸುತ್ತ ಬಯಲು ಕಾಣುತ್ತಿದ್ದಿರಬೇಕು. ಈಗ ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳ ಸಾಲು. "ನಾಲ್ಕೂ ಆಯ್ತು ತಾತ. ಅಪ್ಪಂಗೆ ಏನೂ ಹೇಳಲ್ಲ" ಎಂದಳು ಮೆಲ್ಲಗೆ.

ಮನೆಗೆ ಬಂದಾಗ ಮಗ ಗೇಟಿನಲ್ಲೇ ನಿಂತಿದ್ದ. "ಎಲ್ಲೂ ತೊಂದರೆ ಆಗಲಿಲ್ವಾ?" ಎಂದ. ಪುಟ್ಟಿ ನನ್ನ ಮುಖ ನೋಡಿದಳು. ಸುಮ್ಮನಿದ್ದರೆ ಸೈಕಲ್ ಉಳಿಯುತ್ತಿತ್ತು. ಆದರೆ ನನಗೋಸ್ಕರ ಒಂದು ಸುಳ್ಳು ಹೇಳಿದ ಮಗುವಿನಿಂದ ಎರಡನೆಯದನ್ನೂ ಹೇಳಿಸುವುದೇ?

"ಮೂರನೇ ಷರತ್ತು ಮುರಿದೆ ಕಣಪ್ಪ. ಏರಿನಲ್ಲಿ ಇಳಿಯಬೇಕಿತ್ತು, ಹಠ ಮಾಡಿದೆ. ಇಳಿಸಿದ್ದು ಇವಳು" ಎಂದೆ.

ಮಗ ಏನೂ ಹೇಳದೆ ಸೈಕಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡು ಒಳಗೆ ನಿಲ್ಲಿಸಿದ. ಮಧ್ಯಾಹ್ನ ಊಟವಾದ ಮೇಲೆ ಹೊರಗೆ ಬಂದು ನೋಡಿದರೆ ಅದನ್ನು ತಲೆಕೆಳಗು ಮಾಡಿ ಚೈನಿಗೆ ಎಣ್ಣೆ ಬಿಡುತ್ತಿದ್ದ. "ಸೀಟು ಸ್ವಲ್ಪ ಇಳಿಸಿದ್ದೀನಿ. ನಿಂತರೆ ಎರಡೂ ಕಾಲು ನೆಲಕ್ಕೆ ತಾಗಬೇಕು. ಮುಂದಿನ ವಾರ ನಾನೂ ಬರ್ತೀನಿ, ಕಬ್ಬನ್ ಪಾರ್ಕಿನವರೆಗೆ" ಎಂದ.

ಅಜ್ಜಂದಿರೇ, ಅಜ್ಜಿಯರೇ, ನೀವೂ ಮೊಮ್ಮಕ್ಕಳ ಜೊತೆ ಒಂದು ಭಾನುವಾರ ಹೊರಡಿ. ಬ್ರೇಕು, ಬೆಲ್ಲು ಹಿಂದಿನ ರಾತ್ರಿಯೇ ನೋಡಿಕೊಳ್ಳಿ, ನೀರು ಮರೆಯಬೇಡಿ. ಮಗು "ಇಳೀರಿ" ಎಂದರೆ ಇಳಿದುಬಿಡಿ. ಏರನ್ನು ನಡೆದು ಹತ್ತಿದರೂ ಗೋಪುರ ಸಿಗುತ್ತದೆ.